ಮಂಡೆಬಿಸಿಗೆ ಗುಳಿಗೆಯಿಲ್ಲದ ಉಪಚಾರ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ತೊರೆದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮ್ಮ ಬಂಧುಗಳು ಜ್ವರ ಬಂದರೆ ಹೇಳಿಕೊಳ್ಳುವರು, ಬೆನ್ನು ನೊಂದರೂ ಹೇಳಿಕೊಳ್ಳುವರು. ಮನಸ್ಸಿಗೆ ಬೇಗೆ ತಗುಲಿದರೆ ಮಾತ್ರ ಬಾಯಿ ಬಿಡರು. ತೀರ ಕೇಳಿದರೆ, ಸ್ವಲ್ಪ ಮಂಡೆಬಿಸಿ ಎಂದು ನಕ್ಕು, ಎಂಜಲು ತಟ್ಟೆ ಹೊತ್ತು ಒಳಗೆ ಹೋಗುವರು. ಇದಕ್ಕೆ ಕಾರಣವಿಲ್ಲದಿಲ್ಲ. ಥಾಣೆಯಲ್ಲಿ 1901ರಿಂದ ಮನೋರೋಗಿಗಳ ಆಸ್ಪತ್ರೆ ಇರುವುದರಿಂದ, ಈ ಕಡೆಯಲ್ಲಿ 'ಥಾಣೆಗೆ ಕಳುಹಿಸಬೇಕು' ಎಂಬುದೇ ಒಂದು ಬೈಗುಳವಾಗಿದೆ. ಥಾಣೆಯಲ್ಲಿಯೇ ಇಡ್ಲಿ ಬಡಿಸುವವನು ಆ ಮಾತಿಗೆ ಇನ್ನಷ್ಟು ಅಂಜುವುದು ಸಹಜ.

ಒಂದೆರಡು ದಿನದ ಬೇಸರ ಎಲ್ಲರಿಗೂ ಬರುವುದು, ಹೋಗುವುದು. ಆದರೆ ಎರಡು ವಾರ ಕಳೆದರೂ ಮನಸ್ಸಿಗೆ ಕವಿದ ಮಂಕು ಸರಿಯದೆ, ನಿದ್ರೆ ಹತ್ತದೆ, ಊಟ ರುಚಿಸದೆ, ಸಣ್ಣ ಶಬ್ದಕ್ಕೂ ಎದೆ ಡವಗುಟ್ಟುತ್ತಿದ್ದರೆ ಅದನ್ನು ಖಿನ್ನತೆ, ಆತಂಕಗಳೆಂದು ಕರೆಯಬೇಕಾಗುತ್ತದೆ. ಅದು ಸೋಮಾರಿತನವಲ್ಲ, ಹುಚ್ಚೂ ಅಲ್ಲ.

ನಮ್ಮ ಪಕ್ಕದ ಗೋವೆಯಲ್ಲಿ ನಡೆದ ಒಂದು ಪ್ರಯೋಗವನ್ನು ವಾಚಕರ ಮುಂದಿಡಬೇಕೆನಿಸಿದೆ. 1996ರಲ್ಲಿ ಹುಟ್ಟಿದ 'ಸಂಗಾತ' ಎಂಬ ಸಂಸ್ಥೆಯವರೂ ಡಾ. ವಿಕ್ರಮ ಪಟೇಲರೂ ಸರಕಾರಿ ಪ್ರಾಥಮಿಕ ಆರೋಗ್ಯಕೇಂದ್ರಗಳಲ್ಲಿ ಇದನ್ನು ನಡೆಸಿ, 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ 495 ಮಂದಿಯನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ವೈದ್ಯರ ಉಪಚಾರ ಮಾತ್ರ. ಇನ್ನೊಂದಕ್ಕೆ ಅದರ ಜತೆಗೆ ಆರರಿಂದ ಎಂಟು ಸಲ ಮಾತುಕತೆ. ಮಾತನಾಡಿಸಿದವರು ಡಾಕ್ಟರರಲ್ಲ, ಕೆಲವು ವಾರ ತರಬೇತಿ ಪಡೆದ ಊರಿನವರೇ. ಹೈಸ್ಕೂಲು ಮುಗಿಸಿದ್ದರೆ ಸಾಕೆಂಬ ನಿಯಮ! (ಎಸ್‌ಎಸ್‌ಎಲ್‌ಸಿಗೇ ನಿಂತ ನನ್ನಂಥವನಿಗೆ ಇದನ್ನೋದಿ ಒಳಗೊಳಗೇ ಹೆಮ್ಮೆಯಾಯಿತು.) ಮೂರು ತಿಂಗಳ ಅನಂತರ ನೋಡಲಾಗಿ, ವೈದ್ಯರ ಉಪಚಾರ ಮಾತ್ರ ಪಡೆದವರಲ್ಲಿ ನೂರಕ್ಕೆ 39 ಮಂದಿ ಚೇತರಿಸಿಕೊಂಡಿದ್ದರೆ, ಮಾತುಕತೆಯೂ ದೊರೆತವರಲ್ಲಿ 64 ಮಂದಿ ಚೇತರಿಸಿಕೊಂಡಿದ್ದರು.

ಆ ಮಾತುಕತೆಯ ಗುಟ್ಟು ಬಹಳ ಸರಳವಾದುದು. ದುಃಖಿತನು ಜನರಿಂದ ದೂರ ಸರಿಯುವನು. ದೂರ ಸರಿದಂತೆ ಸಂತೋಷದ ಸಂದರ್ಭಗಳು ಕಡಿಮೆಯಾಗುವುವು. ಅದರಿಂದ ದುಃಖ ಇನ್ನೂ ಹೆಚ್ಚುವುದು. ಈ ಗಾಣವನ್ನು ನಿಲ್ಲಿಸಬೇಕಾದರೆ, ಮನಸ್ಸು ಸರಿಹೋಗಲಿ, ಆಮೇಲೆ ನೋಡೋಣ ಎಂದು ಕಾಯಬಾರದು. ಎಸರು ಕುದಿದ ಮೇಲೆ ಒಲೆ ಹೊತ್ತಿಸುವೆನೆಂದು ಯಾವ ಅಡುಗೆಯವನೂ ಕಾಯುವುದಿಲ್ಲವಷ್ಟೆ. ವಾರಕ್ಕೆ ಮೂರು ಸಣ್ಣ ಕಾರ್ಯಗಳನ್ನು, ದಿನ ಮತ್ತು ಗಂಟೆ ಗೊತ್ತುಮಾಡಿ ಬರೆದಿಟ್ಟು, ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಬೇಕು. ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ಒಂದು ಸಾಲು ಬರೆಯಬೇಕು.

ಹೊಟೇಲಿನವರಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವು. ನಾನು ಗಲ್ಲೆಯ ಮೇಲೆ ಕುಳಿತಿದ್ದ ವರ್ಷಗಳಲ್ಲಿ ಕಂಡಂತೆ, ಆ ಎರಡು ಗಂಟೆಯೇ ಹುಡುಗರಿಗೆ ಅತ್ಯಂತ ಕೆಟ್ಟ ಹೊತ್ತು. ಅಟ್ಟದ ಮೇಲೆ ಮೊಬೈಲು ಹಿಡಿದು ಬಿದ್ದುಕೊಂಡು, ಊರಿನವರ ಮದುವೆ, ಹೊಸಮನೆ, ಕಾರುಗಳ ಚಿತ್ರ ನೋಡಿ ನಿಟ್ಟುಸಿರು ಬಿಡುವರು. ಅದರ ಬದಲು ಮಂಗಳವಾರ ಮೂರೂವರೆಗೆ ಥಾಣೆಯ ತಲಾವ್ ಪಾಳಿಗೆ ಒಂದು ಸುತ್ತು. ಗುರುವಾರ ಅಮ್ಮನಿಗೆ ಫೋನು (ಹಣದ ವಿಚಾರ ಬಿಟ್ಟು ಹತ್ತು ನಿಮಿಷ). ಶನಿವಾರ ಭಜನೆಗೋ ಯಕ್ಷಗಾನದ ಅಭ್ಯಾಸಕ್ಕೋ ಹೋಗುವುದು. ಇಷ್ಟೇ ಸಾಕು.

ನಡಿಗೆಯನ್ನು ಯಾರೂ ಹಗುರವಾಗಿ ಕಾಣಬಾರದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತು ದಾಟಿದ 156 ಖಿನ್ನರ ಪೈಕಿ ಕೆಲವರಿಗೆ ಗುಳಿಗೆ, ಕೆಲವರಿಗೆ ವಾರಕ್ಕೆ ಮೂರು ದಿನ ಬಿರುಸಿನ ನಡಿಗೆ ಅಥವಾ ಓಟ, ಉಳಿದವರಿಗೆ ಎರಡನ್ನೂ ಕೊಟ್ಟಿದ್ದರು. ಗುಳಿಗೆ ಮೊದಲು ಫಲ ತೋರಿತು. ಆದರೆ ಹದಿನಾರು ವಾರ ಕಳೆಯುವಷ್ಟರಲ್ಲಿ ನಡೆದವರೂ ಸರಿಸಮಕ್ಕೆ ಬಂದಿದ್ದರು. ವೇಟರನು ದಿನವಿಡೀ ನಡೆಯುವನಲ್ಲ ಎಂದು ಕೆಲವರು ಕೇಳಬಹುದು. ಮೇಜಿನಿಂದ ಮೇಜಿಗೆ ಗಿರಾಕಿಯ ಕೂಗಿಗೆ ಓಡುವುದು ಬೇರೆ, ಬೆಳಗಿನ ಬಿಸಿಲಿನಲ್ಲಿ ತನ್ನಷ್ಟಕ್ಕೆ ತಾನು ನಡೆಯುವುದು ಬೇರೆ.

ಉಸಿರಿನ ಅಭ್ಯಾಸದ ಬಗ್ಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಪರೀಕ್ಷೆ ನಡೆದಿದೆ. 2000ದಲ್ಲಿ ಪ್ರಕಟವಾದ ಆ ವರದಿಯಂತೆ 45 ರೋಗಿಗಳಲ್ಲಿ ವಿದ್ಯುತ್ ಚಿಕಿತ್ಸೆ ಎಲ್ಲಕ್ಕಿಂತ ಮೇಲಾಗಿತ್ತು. ಸುದರ್ಶನ ಕ್ರಿಯೆಯು ಔಷಧಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಸಣ್ಣ ಸಂಖ್ಯೆಯ ಪರೀಕ್ಷೆಯಾದುದರಿಂದ ಇದನ್ನೇ ಹಿಡಿದು ಡಂಗುರ ಸಾರಲಾಗದು. ಆದರೂ ಎದೆ ಡವಗುಟ್ಟುವ ಹೊತ್ತಿನಲ್ಲಿ, ಮೂಗಿನಿಂದ ನಿಧಾನವಾಗಿ ಎಳೆದು ಅದಕ್ಕಿಂತ ನಿಧಾನವಾಗಿ ಬಿಟ್ಟು, ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ ಐದು ನಿಮಿಷ ಮಾಡಿ ನೋಡಬಹುದು. ಕಲ್ಯಾಣದಿಂದ ಮುಂಬಯಿ ಸಿ.ಎಸ್.ಎಂ.ಟಿ.ಗೆ ಸುಮಾರು 53 ಕಿ.ಮೀ. ನಿಂತೇ ಹೋಗುವ ಗುಮಾಸ್ತ ಬಂಧುಗಳಿಗೆ ಇದು ವಿಶೇಷವಾಗಿ ಒದಗುವುದು. ಅದೇ ಗಾಡಿಗಳಲ್ಲಿ ತಾಳ ತಟ್ಟುತ್ತ ಸಾಗುವ ಭಜನಾ ಮಂಡಳಿಗಳೂ ಅರಿಯದೆಯೇ ಈ ಉಪಚಾರವನ್ನು ಮಾಡುತ್ತಿವೆಯೆಂದು ನನ್ನ ಅಭಿಪ್ರಾಯ.

ಇನ್ನು ಚಹಾ. ಚಹಾ ಮಾರಿ ಬದುಕಿದವನು ಇದನ್ನು ಹೇಳಬಾರದು, ಆದರೂ ಹೇಳುವೆನು. ಸಂಜೆ ಆರಕ್ಕೆ ಕುಡಿದ ಚಹಾದ ಉತ್ತೇಜಕ ಅಂಶದಲ್ಲಿ ಸುಮಾರು ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುವುದು. ಆತಂಕದವರು ಮಧ್ಯಾಹ್ನದ ಮೇಲೆ ಕಟಿಂಗ್ ಚಹಾ ಬಿಡುವುದೊಳಿತು. ಸೆರೆಯಂತೂ ಮೊದಲು ನಿದ್ರೆ ತರಿಸಿ, ನಡುರಾತ್ರಿ ಎಬ್ಬಿಸಿ, ಮರುದಿನದ ಬೇಗೆಯನ್ನು ಇಮ್ಮಡಿ ಮಾಡುವುದು.

ಮಾಲೀಕ ಮಿತ್ರರಲ್ಲಿ ಒಂದು ಮಾತು. ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಏಳುವ ಹುಡುಗನಿಗೆ ಯಾವ ಪ್ರಾಣಾಯಾಮವೂ ಫಲಿಸದು. ವಾರಕ್ಕೊಂದು ದಿನದ ರಜೆ ಕಾಯಿದೆಯಲ್ಲಿದೆ; ಅದನ್ನು ಕೊಡಿ. ಮಲಗಲು ಗಾಳಿಯಾಡುವ ಜಾಗ ಕೊಡಿ. ಎರಡು ವಾರದಿಂದ ಮಾತು ಬಿಟ್ಟವನನ್ನು ಗದರಿಸುವ ಮೊದಲು ಪಕ್ಕಕ್ಕೆ ಕರೆದು, ಏನಪ್ಪಾ, ಊಟ ಆಯಿತೇ ಎಂದು ಕೇಳಿ.

ಮೇಲಿನ ಉಪಾಯಗಳು ಸಾಧಾರಣ ಖಿನ್ನತೆಗೆ ಸಂಬಂಧಿಸಿದವು. ಈಗಾಗಲೇ ಗುಳಿಗೆ ಸೇವಿಸುತ್ತಿರುವವರು ಈ ಲೇಖನವನ್ನೋದಿ ಅದನ್ನು ಒಮ್ಮೆಲೇ ನಿಲ್ಲಿಸಕೂಡದು. ವೈದ್ಯರನ್ನು ಕೇಳಿಯೇ ಕ್ರಮೇಣ ಬಿಡತಕ್ಕದ್ದು. ಹಾಸಿಗೆಯಿಂದೇಳಲಾಗದವರು, ಬದುಕೇ ಬೇಡವೆಂಬ ಯೋಚನೆ ಬಂದವರು ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಜತೆಗಾರರು ಅಂಥವರನ್ನು ಒಂಟಿಯಾಗಿ ಬಿಡಬಾರದು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು. ಹಗಲಿರುಳೂ ನಡೆಯುವ ಸೇವೆಯಾದುದರಿಂದ, ಕೊನೆಯ ಗಿರಾಕಿ ಹೋಗಿ ಷಟರು ಎಳೆದ ಮೇಲೆ ಕರೆದರೂ ಆಗುವುದು.