ವೀಲ್ ಸ್ಪೇಸರ್: ಅಂದವೆಷ್ಟು, ಅನುಕೂಲವೆಷ್ಟು?

ಮೋಟಾರು ವಾಹನಗಳ ಬಿಡಿಭಾಗಗಳ ವಹಿವಾಟಿನಲ್ಲಿ ವೀಲ್ ಸ್ಪೇಸರ್ ಎಂಬುದು ಚಿಕ್ಕ ವಸ್ತುವಾದರೂ ದೊಡ್ಡ ವಾದಕ್ಕೆ ಆಸ್ಪದ ನೀಡಿದೆ. ಚಕ್ರಕ್ಕೂ ಅದನ್ನು ಹೊರುವ ಹಬ್‌ಗೂ ನಡುವೆ ಕೂರಿಸುವ ಅಲ್ಯೂಮಿನಿಯಂ ಬಿಲ್ಲೆಯೇ ಸ್ಪೇಸರ್. ಬಿಲ್ಲೆ ಎಷ್ಟು ದಪ್ಪವೋ ಚಕ್ರವು ಅಷ್ಟೇ ಹೊರಕ್ಕೆ ಸರಿಯುತ್ತದೆ. ಎರಡೂ ಬದಿಗೆ 15 ಮಿ.ಮೀ. ಬಿಲ್ಲೆ ಹಾಕಿದರೆ ಎಡಬಲ ಚಕ್ರಗಳ ಅಂತರ 30 ಮಿ.ಮೀ. ಹೆಚ್ಚುತ್ತದೆ. ಇದರಿಂದ ಕಾರಿನ ಅಂದವೂ ರಸ್ತೆಯ ಮೇಲಿನ ಹಿಡಿತವೂ ಒಟ್ಟಿಗೇ ಹೆಚ್ಚುತ್ತವೆ ಎಂದು ಮಾರಾಟಗಾರರು ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ ಈ ಎರಡು ಲಾಭಗಳ ತೂಕ ಸಮನಾಗಿಲ್ಲ.

ಅಂದದ ಮಾತು ಮಟ್ಟಿಗೆ ನಿಜ. ಜರ್ಮನಿಯ ಪೋರ್ಷೆ 911 ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳಬಹುದು. ಎಂಜಿನ್ ಹಿಂಬದಿಯಲ್ಲಿರುವ ಈ ಕಾರಿನ ಆಕರ್ಷಣೆಯೆಲ್ಲ ಅದರ ಉಬ್ಬಿದ ಹಿಂಭಾಗದಲ್ಲಿದೆ. 997 ಶ್ರೇಣಿಯ ಕರೆರಾ 4 ಮಾದರಿಯ ಹಿಂಭಾಗವನ್ನು ಕಂಪನಿಯೇ ಸಾಮಾನ್ಯ ಕರೆರಾಕ್ಕಿಂತ 44 ಮಿ.ಮೀ. ಅಗಲವಾಗಿ ನಿರ್ಮಿಸಿತ್ತು. ಚಕ್ರವು ಮಡ್‌ಗಾರ್ಡಿನ ಒಳಗೆ ಹುದುಗಿದಂತಿದ್ದರೆ ಕಾರು ಕೃಶವಾಗಿ ಕಾಣುತ್ತದೆ; ಟೈರಿನ ಹೊರಮೈ ಮಡ್‌ಗಾರ್ಡಿನ ಅಂಚಿಗೆ ಸಮವಾಗಿ ಬಂದಾಗ ಅದೇ ಕಾರು ಕಾಲೂರಿ ನಿಂತಂತೆ ತೋರುತ್ತದೆ. ಪೋರ್ಷೆ ಕಂಪನಿಯೂ ತನ್ನ ಪರಿಕರ ವಿಭಾಗದ ಮೂಲಕ 5 ಮಿ.ಮೀ. ಸ್ಪೇಸರ್‌ಗಳನ್ನು ಮಾರಿದೆ. ಗ್ರಾಹಕನು ಹಣ ಕೊಡುವುದು ಬಹುಪಾಲು ಈ ನೋಟಕ್ಕಾಗಿಯೇ.

ಇನ್ನು ಹಿಡಿತದ ವಿಚಾರ. ತಿರುವಿನಲ್ಲಿ ಕಾರಿನ ಭಾರವು ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಈ ವರ್ಗಾವಣೆ ಕಡಿಮೆಯಾದಷ್ಟೂ ನಾಲ್ಕು ಟೈರುಗಳೂ ಸಮವಾಗಿ ದುಡಿಯುತ್ತವೆ. ಚಕ್ರಗಳ ಅಂತರ ಹೆಚ್ಚಿದರೆ ವರ್ಗಾವಣೆ ಇಳಿಯುತ್ತದೆ ಎಂಬುದೂ ಸತ್ಯ. ಆದರೆ ಎಷ್ಟು? 1,400 ಕಿಲೋ ತೂಕದ, ಗುರುತ್ವ ಕೇಂದ್ರವು ನೆಲದಿಂದ 500 ಮಿ.ಮೀ. ಎತ್ತರದಲ್ಲಿರುವ, ಚಕ್ರಾಂತರ 1,500 ಮಿ.ಮೀ. ಇರುವ ಕಾರೊಂದನ್ನು ಊಹಿಸಿಕೊಳ್ಳೋಣ. ಗುರುತ್ವಕ್ಕೆ ಸಮನಾದ ಪಾರ್ಶ್ವ ಒತ್ತಡ ಬೀಳುವಷ್ಟು ವೇಗವಾಗಿ ತಿರುಗಿಸಿದಾಗ ಸುಮಾರು 467 ಕಿಲೋ ಭಾರ ವರ್ಗವಾಗುತ್ತದೆ. ಮುಂದೆ ಹಿಂದೆ ನಾಲ್ಕೂ ಚಕ್ರಗಳಿಗೆ 15 ಮಿ.ಮೀ. ಬಿಲ್ಲೆ ಹಾಕಿದ ಮೇಲೆ ಅದು ಸುಮಾರು 458 ಕಿಲೋಗೆ ಇಳಿಯುತ್ತದೆ. ಉಳಿತಾಯ ಒಂಬತ್ತು ಕಿಲೋ, ಅಂದರೆ ಶೇಕಡಾ ಎರಡರಷ್ಟು. ರೇಸಿನ ಮೈದಾನದಲ್ಲಿ ಗಡಿಯಾರ ಹಿಡಿದು ನಿಂತವರಿಗೆ ಇದು ಬೇಕಾದೀತು. ಕಚೇರಿಗೆ ಹೋಗಿಬರುವವನ ಅನುಭವಕ್ಕೆ ಬರುವುದು ಕಷ್ಟ.

ಈ ಅಲ್ಪ ಜಮೆಗೆ ಎದುರಾಗಿ ಖರ್ಚಿನ ಬಾಬುಗಳೂ ಇವೆ. ಚಕ್ರ ಹೊರಕ್ಕೆ ಸರಿದಾಗ ಸ್ಪ್ರಿಂಗಿನ ಮೇಲೆ ಅದರ ಸನ್ನೆಯ ಉದ್ದ ಹೆಚ್ಚುತ್ತದೆ. ಅದೇ ಸ್ಪ್ರಿಂಗ್ ತುಸು ಮೆತ್ತಗಾದಂತೆ ವರ್ತಿಸುತ್ತದೆ. ಬೇರಿಂಗ್ ಮೇಲಿನ ತಿರುಚುಬಲವೂ ಏರುತ್ತದೆ. ಮುಂಚಕ್ರಗಳಲ್ಲಿ ಪರಿಣಾಮ ಇನ್ನೂ ಸೂಕ್ಷ್ಮ. ಸ್ಟೀರಿಂಗ್ ತಿರುಗುವ ಅಕ್ಷವು ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಭಾಗಕ್ಕೂ ಇರುವ ಅಂತರವನ್ನು ತಯಾರಕರು ಅಳೆದು ನಿಗದಿಪಡಿಸಿರುತ್ತಾರೆ. ಬಿಲ್ಲೆಯು ಈ ಅಂತರವನ್ನು ಬದಲಿಸಿಬಿಡುತ್ತದೆ. ಆಗ ರಸ್ತೆಯ ಗುಂಡಿಗಳ ಹೊಡೆತ ನೇರವಾಗಿ ಕೈಗೆ ಬರುವುದು, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುವುದು ಮುಂತಾದ ದೂರುಗಳು ಆರಂಭವಾಗುತ್ತವೆ. ಹಿಂಬದಿಗೆ ಮಾತ್ರ ಹಾಕಿದರೆ ಸ್ಟೀರಿಂಗಿಗೆ ಈ ತೊಂದರೆಯಿಲ್ಲ. ಆದರೆ ಹಿಂಭಾಗದ ಹಿಡಿತ ಮಾತ್ರ ಹೆಚ್ಚಿ, ತಿರುವಿನಲ್ಲಿ ಮೂತಿಯು ಹೊರಕ್ಕೆ ಜಾರುವ ಪ್ರವೃತ್ತಿ ಒಂದಿಷ್ಟು ಬೆಳೆಯುತ್ತದೆ.

ಸ್ಪೇಸರ್ ಕೊಳ್ಳುವವರೂ ತಯಾರಿಸುವವರೂ ಚಕ್ರದ ಮೇಲೆ ಕೆತ್ತಿರುವ ಇ.ಟಿ. ಸಂಖ್ಯೆಯನ್ನು ಓದಲು ಕಲಿಯಬೇಕು. ಚಕ್ರದ ನಡುರೇಖೆಯಿಂದ ಹಬ್‌ಗೆ ತಾಗುವ ಮುಖವು ಎಷ್ಟು ಮಿ.ಮೀ. ಹೊರಗಿದೆ ಎಂಬುದನ್ನು ಅದು ತಿಳಿಸುತ್ತದೆ. ಇ.ಟಿ. 50 ಇರುವ ಚಕ್ರಕ್ಕೆ 15 ಮಿ.ಮೀ. ಸ್ಪೇಸರ್ ಸೇರಿಸಿದರೆ ಅದು ಇ.ಟಿ. 35ರ ಚಕ್ರದಂತೆ ನಿಲ್ಲುತ್ತದೆ. ಟೈರು ಮಡ್‌ಗಾರ್ಡಿಗೆ ಉಜ್ಜುವುದೇ ಎಂಬುದನ್ನು ಈ ಕಳೆಯುವ ಲೆಕ್ಕದಿಂದಲೇ ಮೊದಲು ಅಂದಾಜು ಮಾಡಬಹುದು.

ಅಪಾಯವಿರುವುದು ಬಿಲ್ಲೆಯಲ್ಲಲ್ಲ, ಅದರ ತಯಾರಿಕೆಯ ನಿಖರತೆಯಲ್ಲಿ. 911ರ ಹಬ್ಬಿನ ನಡುವೆ 71.6 ಮಿ.ಮೀ. ವ್ಯಾಸದ ತುಟಿಯಿದೆ, ಚಕ್ರವು ನಡುವಿಗೆ ಸರಿಯಾಗಿ ಕೂರುವುದು ಅದರ ಮೇಲೆ. ದಪ್ಪ ಸ್ಪೇಸರ್ ಈ ತುಟಿಯನ್ನು ಮುಚ್ಚಿಬಿಡುವುದರಿಂದ ಅದರ ಹೊರಮುಖದಲ್ಲಿಯೂ ಅದೇ ವ್ಯಾಸದ ತುಟಿ ಇರಬೇಕು. ಅದಿಲ್ಲದಿದ್ದರೆ ಚಕ್ರವನ್ನು ನಡುವಿಗೆ ತರುವ ಹೊಣೆಯೆಲ್ಲ ಬೋಲ್ಟುಗಳ ಮೇಲೆ ಬಿದ್ದು ಕಂಪನ ಹುಟ್ಟುತ್ತದೆ. ಎರಡು ಮುಖಗಳೂ ಪರಸ್ಪರ ಸಮಾಂತರವಾಗಿರಬೇಕು. 996 ಮತ್ತು 997 ಶ್ರೇಣಿಗಳಲ್ಲಿ ಚಕ್ರವನ್ನು ಐದು ಎಂ14 ಬೋಲ್ಟುಗಳು 130 ಮಿ.ಮೀ. ವೃತ್ತದಲ್ಲಿ ಹಿಡಿದಿರುತ್ತವೆ, ಬಿಗಿಯುವ ಬಲ 130 ನ್ಯೂಟನ್ ಮೀಟರ್. 15 ಮಿ.ಮೀ. ಸ್ಪೇಸರ್ ಹಾಕಿ ಹಳೆಯ ಬೋಲ್ಟನ್ನೇ ಬಳಸಿದರೆ ಹಬ್ಬಿನೊಳಗೆ ಹಿಡಿಯುವ ಎಳೆಗಳು ಅಷ್ಟರಮಟ್ಟಿಗೆ ಕಡಿಮೆಯಾಗಿ, ಚಕ್ರವೇ ಕಳಚಿಬೀಳಬಹುದು. ಆದ್ದರಿಂದ ಬಿಲ್ಲೆಯನ್ನು ಮಾತ್ರ ಮಾರಿ ಬೋಲ್ಟನ್ನು ಗ್ರಾಹಕನ ವಿವೇಚನೆಗೆ ಬಿಡುವ ವ್ಯಾಪಾರವು ವ್ಯಾಪಾರವೇ ಅಲ್ಲ. ಸರಿಯಾದ ಉದ್ದದ ಬೋಲ್ಟುಗಳು ಅದೇ ಪೆಟ್ಟಿಗೆಯಲ್ಲಿರಬೇಕು, ಅದೇ ಬಿಲ್ಲಿನಲ್ಲಿಯೂ ಇರಬೇಕು.

ಪೀಣ್ಯದಂತಹ ಕೈಗಾರಿಕಾ ವಸಾಹತುಗಳ ಸಿ.ಎನ್.ಸಿ. ಲೇತುಗಳಿಗೆ ಇಂತಹ ಬಿಲ್ಲೆ ಕಡೆಯುವುದು ಕಠಿಣವಲ್ಲ. ಕಠಿಣವಾದದ್ದು ಅದರ ಕಾಗದಪತ್ರ. ಜರ್ಮನಿಯ ಎಚ್ ಅಂಡ್ ಆರ್, ಐಬಾಕ್ ಮುಂತಾದ ತಯಾರಕರು ತಮ್ಮ ಸ್ಪೇಸರ್‌ಗಳಿಗೆ ಆಯಾ ಕಾರಿನ ಮಾದರಿಗೆ ಅನ್ವಯಿಸುವ ಪರೀಕ್ಷಾ ವರದಿಯನ್ನು ಒದಗಿಸುತ್ತಾರೆ. ಅಲ್ಲಿ ಮಾಲಿನ ಬೆಲೆಯಲ್ಲಿ ಆ ವರದಿಯ ಬೆಲೆಯೂ ಸೇರಿರುತ್ತದೆ.

ಭಾರತದ ಮೋಟಾರು ವಾಹನ ಅಧಿನಿಯಮ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಸ್ಪೇಸರ್ ಈ ನಿಷೇಧದೊಳಗೆ ಬರುವುದೇ ಎಂಬುದು ವಾದಕ್ಕೆ ಅವಕಾಶವಿರುವ ಪ್ರಶ್ನೆಯೇ ಆದರೂ, ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಉಂಟು. ಅಪಘಾತವಾದರೆ ವಿಮಾ ಕಂಪನಿಯು ಮೊದಲು ಎತ್ತುವ ಆಕ್ಷೇಪಣೆಯೂ ತಿಳಿಸದೆ ಮಾಡಿದ ಮಾರ್ಪಾಡಿನದೇ ಆದೀತು. ಮಾರುವವನು ಬಿಲ್ಲಿನ ಮೇಲೆ ಕಾರಿನ ಮಾದರಿ, ಬಿಲ್ಲೆಯ ದಪ್ಪ, ಬೋಲ್ಟಿನ ಉದ್ದ, ತಯಾರಿಕಾ ತಂಡದ ಸಂಖ್ಯೆ ಇಷ್ಟನ್ನು ನಮೂದಿಸಿ, ಜೋಡಣೆಯ ನಂತರ ಒಂದಿಷ್ಟು ದೂರ ಓಡಿಸಿ ಬೋಲ್ಟುಗಳನ್ನು ಮತ್ತೆ ಬಿಗಿಸಬೇಕೆಂಬ ಸೂಚನೆಯನ್ನು ಗ್ರಾಹಕನ ಸಹಿಯೊಂದಿಗೆ ಇಟ್ಟುಕೊಳ್ಳುವುದು ಕ್ಷೇಮಕರ.