ಗ್ಲೂಕೋಸ್ ಬಾಟಲಿ ಊಟವಲ್ಲ!

ಮಗು ಐಸಿಯು ಸೇರಿದೆ ಎಂದು ತಿಳಿದು ಓಡಿಬರುವ ನೆಂಟರು, ಹೊರಗೆ ಕುಳಿತ ತಾಯಿಗೆ ಹೇಳುವ ಸಮಾಧಾನದ ಮಾತೊಂದಿದೆ: ‘ಗ್ಲೂಕೋಸ್ ಏರಿಸಿದ್ದಾರಲ್ಲ, ಊಟದ ಚಿಂತೆ ಬಿಡಮ್ಮ’. ಎಂಜಿನಿಯರಿಂಗ್ ಓದುವ ನನಗೆ ಇದನ್ನು ಲೆಕ್ಕ ಹಾಕಿ ನೋಡಬೇಕೆನಿಸಿತು. ಶೇ 5ರ ಡೆಕ್ಸ್‌ಟ್ರೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ 100 ಕ್ಯಾಲೊರಿ ದಾಟುವುದಿಲ್ಲ. ಪ್ರೋಟೀನ್ ಸೊನ್ನೆ, ಕೊಬ್ಬೂ ಸೊನ್ನೆ.

ತೀವ್ರ ಸೋಂಕು, ಸುಟ್ಟಗಾಯ, ದೊಡ್ಡ ಶಸ್ತ್ರಚಿಕಿತ್ಸೆಯಂಥ ಹೊಡೆತ ಬಿದ್ದಾಗ ದೇಹ ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. ದೊಡ್ಡವರಿಗೆ ಹೋಲಿಸಿದರೆ ಮಕ್ಕಳ ದೇಹದಲ್ಲಿ ದಾಸ್ತಾನು ಕಡಿಮೆ. ಉಸಿರಾಟದ ಸ್ನಾಯುಗಳು ಸೊರಗಿದರೆ ವೆಂಟಿಲೇಟರ್ ತೆಗೆಯುವುದೂ ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 19.5ರಷ್ಟು ಮಕ್ಕಳ ತೂಕ ಎತ್ತರಕ್ಕೆ ತಕ್ಕಷ್ಟಿಲ್ಲ. ಅಂಥ ಮಗು ಐಸಿಯು ಸೇರುವಾಗಲೇ ಅದರ ದಾಸ್ತಾನು ಬರಿದಾಗಿರುತ್ತದೆ.

ಹಾಗಾಗಿ ಐಸಿಯುನಲ್ಲಿ ಆಹಾರವೂ ಒಂದು ಔಷಧಿ. ಸಾಧ್ಯವಾದರೆ ಮೊದಲ 24ರಿಂದ 48 ಗಂಟೆಯೊಳಗೆ, ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಆಹಾರ ಶುರು ಮಾಡಬೇಕು ಎನ್ನುತ್ತವೆ ಅಮೆರಿಕದ ತಜ್ಞರ 2017ರ ಮಾರ್ಗಸೂಚಿಗಳು. ಕೆ.ಜಿ. ತೂಕಕ್ಕೆ ದಿನಕ್ಕೆ ಕನಿಷ್ಠ 1.5 ಗ್ರಾಂ ಪ್ರೋಟೀನ್ ಬೇಕು. ಎಂದರೆ 10 ಕೆ.ಜಿ.ಯ ಮಗುವಿಗೆ 15 ಗ್ರಾಂ. ಬರೆದಷ್ಟೂ ಹೊಟ್ಟೆಗೆ ಹೋಗುವುದು ಮಾತ್ರ ಸುಲಭವಲ್ಲ. ಸ್ಕ್ಯಾನ್ ಇದೆ, ನಿಲ್ಲಿಸಿ. ಆಪರೇಷನ್ ಇದೆ, ನಿಲ್ಲಿಸಿ. ವಾಂತಿಯಾಯಿತು, ನಿಲ್ಲಿಸಿ. ಹೀಗೆ ನಿಂತ ಗಂಟೆಗಳೆಲ್ಲ ಕೂಡಿ ದೊಡ್ಡ ಕೊರತೆಯಾಗುತ್ತದೆ.

ಹಾಗೆಂದು ಆತುರದಲ್ಲಿ ತುಂಬಿಸುವುದೂ ತಪ್ಪು. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಕೆನಡಾದ 1,440 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಕೊಡುವ ಪೂರಕ ಪೋಷಣೆಯನ್ನು ಒಂದು ವಾರ ತಡೆದವರಲ್ಲಿ ಹೊಸ ಸೋಂಕು ಶೇ 10.7, ಬೇಗ ಕೊಟ್ಟವರಲ್ಲಿ ಶೇ 18.5 ಇತ್ತು. ತೀರಾ ಬಡಕಲಾದ ಮಗುವಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೇ ಅಪಾಯ. ಅದಕ್ಕೇ ಅಪೌಷ್ಟಿಕತೆಯ ಚಿಕಿತ್ಸೆಯಲ್ಲಿ 100 ಮಿ.ಲೀ.ಗೆ 75 ಕ್ಯಾಲೊರಿ ಇರುವ ‘ಎಫ್–75’ ಹಾಲು ಮೊದಲು, 100 ಕ್ಯಾಲೊರಿಯ ‘ಎಫ್–100’ ಆಮೇಲೆ.

ಆಹಾರದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ. ಕದ್ದುಮುಚ್ಚಿ ಗಂಜಿ, ಎಳನೀರು ಕುಡಿಸುವ ಪ್ರೀತಿ ಬೇಡ. ಆದರೆ ಮನೆಯಲ್ಲಿ ನಾಲ್ಕಕ್ಷರ ಕಲಿತವರು ನಾವು. ದಿನಕ್ಕೊಮ್ಮೆ ಕೇಳಬಹುದಾದ ಪ್ರಶ್ನೆಯೊಂದಿದೆ: ‘ಡಾಕ್ಟ್ರೇ, ಇವತ್ತು ಮಗುವಿಗೆ ಎಷ್ಟು ಆಹಾರ ಹೋಗಬೇಕಿತ್ತು, ಎಷ್ಟು ಹೋಯಿತು?’ ಜ್ವರ ಎಷ್ಟಿದೆ ಎಂದು ಕೇಳುವ ನಾವು ಇದನ್ನೂ ಕೇಳೋಣ.