ಬೊರಿವಲಿಯ ಕಾಡಿಗೆ ಯಾವ ಲೈಡಾರ್?

ಪ್ರಶ್ನೆ: ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮರಗಳಡಿಯ ನೆಲ, ಕಾನ್ಹೇರಿ ಗುಹೆ, ತುಳಸಿ ಕೆರೆ ಎಲ್ಲವನ್ನೂ ಒಂದೇ ಲೈಡಾರ್‌ನಿಂದ ಅಳೆಯಬಹುದೇ? (ಬೊರಿವಲಿಯ ಓದುಗರು)

ಉತ್ತರ: ಒಂದೇ ಉಪಕರಣ ಸಾಲದು. ಲೈಡಾರ್ ಲೇಸರ್ ಬೆಳಕಿನ ಮಿಡಿತ ಕಳಿಸಿ, ಅದು ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಕಾಡಿನ ಮೇಲೆ ಒಂದೇ ಮಿಡಿತದ ಒಂದಂಶ ಎಲೆಗೆ, ಇನ್ನೊಂದು ಕೊಂಬೆಗೆ ತಾಗಿ ಹಿಂದಿರುಗುತ್ತದೆ. ಸಂದುಗಳಲ್ಲಿ ಇಳಿದದ್ದು ನೆಲ ಮುಟ್ಟುತ್ತದೆ. ಆದ್ದರಿಂದ ಡ್ರೋನಿಗೆ ಸೆನ್ಸರ್ ಆರಿಸುವಾಗ ಅದು ಎಷ್ಟು ದೂರ ನೋಡುತ್ತದೆ ಎನ್ನುವುದಕ್ಕಿಂತ, ಒಂದು ಮಿಡಿತದ ಎಷ್ಟು ಮರಳಿಕೆಗಳನ್ನು ದಾಖಲಿಸುತ್ತದೆ ಎಂದು ಮೊದಲು ಕೇಳಿ. ಕಾಲವೂ ಅಷ್ಟೇ ಮುಖ್ಯ. ಇಲ್ಲಿನ ಮರಗಳಲ್ಲಿ ಹೆಚ್ಚಿನವು ಎಲೆ ಉದುರಿಸುವಂಥವು; ಬೇಸಿಗೆಯಲ್ಲಿ ಸಾಧಾರಣ ಸೆನ್ಸರ್‌ಗೆ ಸಿಗುವ ನೆಲ ಜುಲೈ ಮಳೆಯಲ್ಲಿ ದುಬಾರಿಯದಕ್ಕೂ ಸಿಗದು.

ಗುಹೆಯ ಕೆತ್ತನೆಗೆ ಮಿಲಿಮೀಟರ್ ನಿಖರತೆ ಬೇಕು: ಸ್ಟ್ಯಾಂಡ್ ಮೇಲಿಡುವ ಸ್ಕ್ಯಾನರೇ ಸರಿ. ಐಫೋನ್ ಪ್ರೊದಲ್ಲಿರುವ ಲೈಡಾರ್ ಸುಮಾರು 5 ಮೀಟರ್‌ವರೆಗಷ್ಟೇ ಅಳೆಯುತ್ತದೆ. ಕೆರೆಯ ತಳಕ್ಕೆ 532 ನ್ಯಾನೊಮೀಟರಿನ ಹಸಿರು ಲೇಸರ್ ಬೇಕು, ಅದೂ ನೀರು ತಿಳಿಯಾಗಿದ್ದರೆ; 1550 ನ್ಯಾನೊಮೀಟರಿನದನ್ನು ನೀರು ಹೀರಿಕೊಳ್ಳುತ್ತದೆ. ಇದು ಸಂರಕ್ಷಿತ ಅರಣ್ಯ. ಡ್ರೋನ್ ಬಾಡಿಗೆಗೆ ತರುವ ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.